ರೋಟೊರುವಾದಲ್ಲಿ ಉಳಿದ ಎಣ್ಣೆಯ ಪಾಲು

ಇವತ್ತು ಬೆಳಿಗ್ಗೆ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಅಡುಗೆಮನೆಯಲ್ಲಿ ಮಗಳ ಡಬ್ಬಿಗೆಂದು ಮೊಟ್ಟೆ ಬೇಯಲಿಟ್ಟು ಮರೆತುಬಿಟ್ಟೆ. ಎದ್ದ ವಾಸನೆಗೆ ಹೆಂಡತಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಒಲೆ ಆರಿಸುವುದನ್ನೂ ಬಿಟ್ಟು ನಿಂತೆ. ಅದು ರೋಟೊರುವಾದ ವಾಸನೆ.

ನ್ಯೂಜಿಲೆಂಡಿನ ಆ ಊರಿನಲ್ಲಿ ನೆಲದೊಳಗಿನಿಂದಲೇ ಗಂಧಕದ ವಾಸನೆಯ ಬಿಸಿನೀರು ಬರುತ್ತದೆ, ಕೆಸರು ಕುದಿಯುತ್ತದೆ. ಎರಡು ಸಾವಿರದ ಏಳೋ ಎಂಟೋ ಇರಬೇಕು; ಇಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕ ಹುಮ್ಮಸ್ಸಿನಲ್ಲಿ, ತುಮಕೂರಿನಿಂದ ಸಿಡ್ನಿಗೆ ಬಂದಿದ್ದ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊಟ್ಟೆ ಮುಟ್ಟದ ಅಮ್ಮ ಕಾರಿನಿಂದ ಇಳಿದವಳೇ, "ಊರೋರೆಲ್ಲ ಮೊಟ್ಟೆ ಬೇಯಿಸ್ಕೊಂಡು ಕೂತಿದಾರೇನೋ?" ಎಂದಳು. ಕೆಸರಿನ ಹೊಂಡದ ಕಂಬಿ ಹಿಡಿದವಳು ಮಾತ್ರ ಅರ್ಧ ಗಂಟೆ ಕದಲಲಿಲ್ಲ. ಬೂದು ಕೆಸರು ಅಂಬಲಿಯ ಹಾಗೆ ಲೊಟಕ್ ಲೊಟಕ್ ಎಂದು ಕುದಿಯುತ್ತಿತ್ತು. "ಒಂದು ಗಂಟೂ ಇಲ್ಲ ನೋಡೋ," ಎಂದು ಮೆಚ್ಚಿಕೊಂಡಳು.

ಮಾರನೆಯ ದಿನ ನರಕ ಚತುರ್ದಶಿ. ಬಿಸಿನೀರಿನ ಕೊಳಕ್ಕೆ ಹೊರಡುವಾಗ ಅಮ್ಮ ಬ್ಯಾಗಿನಿಂದ ಎಣ್ಣೆ ಶೀಸೆ ತೆಗೆದಳು.

"ಬಾ, ಕೂತ್ಕೊ. ನಿನ್ ತಲೆಗೆ ಎಣ್ಣೆ ಒತ್ತಿ ಆರು ವರ್ಷ ಆಯ್ತು. ನಿನ್ ಸಿಡ್ನಿ ಮನೇಲಿ ಬಿಸಿನೀರು ನಾಲ್ಕು ಚೊಂಬಿಗೇ ಮುಗ್ದೋಗುತ್ತೆ. ಇಲ್ಲಿ ಭೂಮಿತಾಯೀನೇ ಹಂಡೆಗೆ ಉರಿ ಹಾಕಿದಾಳೆ."

ಹಬ್ಬದ ದಿನ ಇಲ್ಲಿಗೆ ಕರೆತಂದದ್ದೇ ಇದಕ್ಕೆಂದು ಅವಳು ನಂಬಿದ್ದಳು. ನಿಜ ಹೇಳುತ್ತೇನೆ, ನನಗೆ ಹಬ್ಬದ ನೆನಪೇ ಇರಲಿಲ್ಲ. ಟಿಕೆಟ್ ಅಗ್ಗವಿತ್ತು, ಅಷ್ಟೇ. "ಅಮ್ಮಾ ಪ್ಲೀಸ್, ಜನ ನಗ್ತಾರೆ," ಎಂದೆ. ಅವಳು ತನ್ನ ತಲೆಗಷ್ಟೇ ಹಚ್ಚಿಕೊಂಡಳು.

ಕೊಳದ ಬಾಗಿಲಲ್ಲಿದ್ದ ಹುಡುಗಿ ಶವರ್ ಕಡೆ ಕೈ ತೋರಿಸಿ, ಎಣ್ಣೆ ತೊಳೆದುಕೊಂಡು ಬಂದರೆ ಸಾಕು ಎಂದು ನಯವಾಗಿಯೇ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಮ್ಮನಿಗೆ ಹೇಳಿದ್ದು ಇಷ್ಟು: "ಎಣ್ಣೆ ಹಚ್ಕೊಂಡೋರನ್ನ ಬಿಡಲ್ವಂತೆ." ಅಷ್ಟು ಜನರ ನಡುವೆ ಸೀರೆಯಲ್ಲಿ ನೀರಿಗಿಳಿಯುವ ಅಮ್ಮನನ್ನು ನೆನೆದೇ ನನಗೆ ನಾಚಿಕೆಯಾಗಿತ್ತು.

"ನೀನು ಹೋಗ್ಬಾಪ್ಪ," ಎಂದು ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ನಾನು ಹೋದೆ. ಒಂದು ಗಂಟೆ ಹಾಯಾಗಿ ನೀರಿನಲ್ಲಿ ಕೂತಿದ್ದೆ, ನೋಡಿ.

ಅಮ್ಮ ಈಗ ಮೆಲ್ಬರ್ನ್‌ನಲ್ಲಿ, ಪಾಯಿಂಟ್ ಕುಕ್‌ನ ಅಕ್ಕನ ಮನೆಯಲ್ಲಿದ್ದಾಳೆ. ಸೀದ ಪಾತ್ರೆಯನ್ನು ಸಿಂಕಿಗೆ ಹಾಕಿ ಫೋನ್ ಮಾಡಿದೆ.

"ಅಮ್ಮಾ, ಅವತ್ತು ರೋಟೊರುವಾದ ಕೊಳದ ಬಾಗ್ಲಲ್ಲಿ ಆ ಹುಡುಗಿ ಎಣ್ಣೆ ತೊಳ್ಕೊಂಡು ಬನ್ನಿ ಅಂದಿದ್ಲು. ನಾನೇ ನಿಂಗೆ ಹೇಳ್ಲಿಲ್ಲ."



"ಗೊತ್ತು ಕಣೋ. ಅವಳು ಕೈ ತೋರ್ಸಿದ್ದು ನಂಗೂ ಕಾಣ್ಸಿತ್ತು."

ನಾನು ಸೀದ ಪಾತ್ರೆಗೆ ನಲ್ಲಿ ಬಿಟ್ಟೆ. ಅಮ್ಮನೇ ಮಾತು ಮುಂದುವರಿಸಿದಳು: "ಹಬ್ಬಕ್ಕೆ ಬರ್ತೀಯಾ? ತಲೇಲಿ ಕೂದ್ಲು ಇದ್ಯೋ ಇನ್ನೂ?"

"ಇರೋಷ್ಟಕ್ಕೇ ಹಚ್ಚಮ್ಮ," ಎಂದೆ.