ಅಂಕಿಯ ನೆತ್ತಿಯ ಚುಕ್ಕೆ

ಚುಕ್ಕೆಗಳಿದ್ದವು, ಲಿಗೋರಿ ಮಾಷ್ಟ್ರೇ. ಇಲ್ಲವೆಂದು ನಾನು ಹೇಳಿದ್ದು ಸುಳ್ಳು.

ಐವತ್ತರ ದಶಕದ ಕೊನೆ ಇರಬೇಕು. ನನ್ನ ಸೋದರಮಾವನ ಅಟ್ಟದಲ್ಲಿ ಸಿಕ್ಕಿದ ಹಳೆಯ ಸಂಸ್ಕೃತ ಬೀಜಗಣಿತದ ತಾಳೆಗರಿಗಳನ್ನು ತುಳು ಲಿಪಿಯಿಂದ ಕನ್ನಡ ಲಿಪಿಗೆ ಇಳಿಸಿದವನು ನಾನು, ಬಲ್ಮಠದ ಶಾಲೆಯೊಂದರ ಸಂಸ್ಕೃತ ಪಂಡಿತ. ಲೆಕ್ಕ ಬಿಡಿಸಲು ಕುಳಿತವರು ನೀವು, ಅದೇ ಶಾಲೆಯ ಗಣಿತದ ಮಾಷ್ಟ್ರು. ಸಾಲುಸಾಲಿಗೂ ‘ರೂ’ ಕಂಡು ನಕ್ಕಿರಿ.

“ಎಂತ ಮಾರಾಯ್ರೆ, ನಿಮ್ಮ ಅಜ್ಜ ಬಡ್ಡಿಗೆ ಕೊಡ್ತಿದ್ದರಾ? ಎಲ್ಲ ರೂಪಾಯಿಯೇ ಉಂಟಲ್ಲ!”

“ರೂ ಅಂದ್ರೆ ರೂಪ, ಬರೀ ಸಂಖ್ಯೆ. ಅಷ್ಟೂ ಗೊತ್ತಿಲ್ವಾ ಮಾಷ್ಟ್ರಿಗೆ?” ಎಂದೆ. ಸ್ಟಾಫ್ ರೂಮ್ ಇಡೀ ನಕ್ಕಿತು — ಅಥವಾ ಅಲ್ಲಿದ್ದದ್ದು ನಾವಿಬ್ಬರೇ ಏನೋ. ಬಲ್ಲವನೆಂಬ ಜಂಬ ಮಾತ್ರ ನಿಜ.

ಕೆಲವು ಅಂಕಿಗಳ ನೆತ್ತಿಯ ಮೇಲೆ ಸೂಜಿಮೊನೆಯಷ್ಟು ತೂತಿತ್ತು. ಹುಳ ಕೊರೆದದ್ದೆಂದು ಬಿಟ್ಟು ಬರೆದೆ. ಒಮ್ಮೆ ಗರಿ ಮಗುಚಿ ನೋಡಿದ ನೆನಪು — ತೂತು ಹಿಂಬದಿಗೆ ಬಂದಿರಲಿಲ್ಲ. ಗರಿಯ ಮೇಲೆ ಬರೆಯುವ ಕಂಟದ ಮೊನೆಯ ಹಾಗೆ ಹುಳ ಅರ್ಧಕ್ಕೇ ನಿಲ್ಲುತ್ತದೆಯೇ? ಆಗ ಹೀಗೆ ಕೇಳಿಕೊಂಡೆನೋ, ಈಗ ಕೇಳಿಕೊಳ್ಳುತ್ತಿದ್ದೇನೋ... ಪ್ರತಿ ಮುಗಿದ ಮೇಲೆ ಶಿಥಿಲವಾದ ಗರಿಗಳನ್ನು ಮಾವ ಪದ್ಧತಿಯಂತೆ ನೇತ್ರಾವತಿ ಹೊಳೆಗೆ ಬಿಟ್ಟರು. ಉಳಿದದ್ದು ನನ್ನ ಪ್ರತಿಯೊಂದೇ.

ಮುಂದೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತಿದ್ದಾಗ ನೀವು ನನ್ನ ತೋಳು ಹಿಡಿದಿರಿ.

“ಪಂಡಿತರೇ, ಒಂದು ಲೆಕ್ಕವೂ ಸರಿ ಬರುವುದಿಲ್ಲ. ಕಳೆಯುವ ಸಂಖ್ಯೆಯಾದರೆ ಹಳಬರು ಅದರ ಮೇಲೆ ಚುಕ್ಕೆ ಇಡ್ತಿದ್ದರಂತೆ, ಮೊನ್ನೆ ಓದಿದೆ. ಗರಿಯಲ್ಲಿ ಚುಕ್ಕೆ ಇತ್ತಾ?”

“ಇಲ್ಲ.”

ಅಷ್ಟೇ. ನೀವು ನಂಬಿದಿರಿ. ಶಾಲೆಯ ಪತ್ರಿಕೆಯಲ್ಲಿ ಬರೆದಿರಿ, ಈ ಗ್ರಂಥಕಾರನಿಗೆ ಕಳೆಯುವ ಲೆಕ್ಕವೇ ಬಾರದು ಎಂದು. ಆ ಲೇಖನದ ಸಂಸ್ಕೃತ ಪದಗಳನ್ನು ತಿದ್ದಿಕೊಟ್ಟವನೂ ನಾನೇ.

ಈಗ ಆ ಪ್ರತಿಯಲ್ಲಿ ಒಂದೊಂದೇ ಅಂಕಿಯ ಮೇಲೆ ಪೆನ್ಸಿಲ್ ಚುಕ್ಕೆ ಇಟ್ಟು ನೋಡುತ್ತೇನೆ. ಇದ್ದಕ್ಕಿದ್ದಂತೆ ಸಮೀಕರಣದ ಎರಡೂ ಬದಿ ಸಮವಾಗುತ್ತದೆ — ಎಷ್ಟೋ ನೂರು ವರ್ಷಗಳಾಚೆ ಯಾರೋ ತಲೆಯಾಡಿಸಿದ ಹಾಗೆ. ಮರುಕ್ಷಣ ಚುಕ್ಕೆಯನ್ನು ಪಕ್ಕದ ಅಂಕಿಗೆ ಸರಿಸಿದರೂ ಲೆಕ್ಕ ಕೂಡಿಬರುತ್ತದೆ, ಬೇರೆ ಉತ್ತರದೊಂದಿಗೆ. ಆತ ಕೇಳಿದ ಪ್ರಶ್ನೆ ಇವೆರಡರಲ್ಲಿ ಯಾವುದು? ತಿಳಿಯುವ ಆಸೆ ನನ್ನನ್ನು ಬಿಡುವುದಿಲ್ಲ. ತಿಳಿಯುವ ದಾರಿಯನ್ನು ಮುಚ್ಚಿದವನು ನಾನು.

ಗ್ರಂಥ ಬರೆದವನ ಹೆಸರು ನಮಗೆ ಗೊತ್ತಿಲ್ಲ. ಕೆಡಿಸಿದವನದು ಗೊತ್ತಿದೆ. ನಿಮ್ಮ ಲೇಖನ ಬಂದ ಪತ್ರಿಕೆಗೇ ಈ ಪತ್ರವನ್ನು ಕೊಡುತ್ತಿದ್ದೇನೆ, ಮಾಷ್ಟ್ರೇ — ನನ್ನ ಹೆಸರು ಹಾಕಿಯೇ ಅಚ್ಚು ಮಾಡಲು ಹೇಳಿದ್ದೇನೆ.