ಅರ್ಧಗಂಟೆ ಅಕ್ಕನ ಕುರ್ಚಿ

ಟೇಪು ಹಿಡಿದ ಹೆಂಗಸು ಮಂಡಿಯೂರಿ ಕೂತು ವಿಮಾ ಕಚೇರಿಯ ಗುಮಾಸ್ತನ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆಯತೊಡಗಿದಾಗ, ಅವನಿಗೆ ತಾನು ಅಂಗಡಿ ತಪ್ಪಿ ದರ್ಜಿಯ ಹತ್ತಿರ ಬಂದೆನೆಂದೇ ಅನಿಸಿತು.

"ಅಕ್ಕಾ, ನಮಗೆ ಪ್ಯಾಂಟು ಬೇಡ, ಕುರ್ಚಿ ಬೇಕಾಗಿತ್ತು," ಎಂದ. ಸಾಲದ್ದಕ್ಕೆ, "ಪ್ಯಾಂಟು ಹೋದ ತಿಂಗಳೇ ಹೊಲಿಸ್ದೆ," ಎಂದು ಸಮಜಾಯಿಷಿ ಬೇರೆ.

"ಕುರ್ಚಿ ಮೇಲೆ ಕಾಲಿಳಿಬಿಟ್ಟು ಕೂರೋದು ನೀನಾ, ನಿನ್ನ ಪ್ಯಾಂಟಾ?" ಎಂದಳು ಆಕೆ ತಲೆಯೆತ್ತದೆ. ಪಕ್ಕದಲ್ಲಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಅರ್ಧಗಂಟೆ ಅಕ್ಕ ಎಂದು. ಬಡಗಿ ಗಂಡನ ಜೊತೆ ಬೆತ್ತ ಹೆಣೆಯಲು ಕೂತು ಇಪ್ಪತ್ತೆಂಟು ವರ್ಷವಾಗಿತ್ತು. ಆತ ತೀರಿಕೊಂಡ ಮೇಲೆ ಉಳಿ, ಗರಗಸಗಳನ್ನೂ ತಾನೇ ಹಿಡಿದಳು. ಬೆರಳು ಬೆತ್ತಕ್ಕಿಂತ ಗಟ್ಟಿ, ಮಾತು ಬೆರಳಿಗಿಂತ ಗಟ್ಟಿ. ಆಕೆಯದು ಒಂದೇ ಕಟ್ಟಳೆ: ಕೊಳ್ಳುವವರು ಕುರ್ಚಿಯಲ್ಲಿ ಅರ್ಧಗಂಟೆ ಕೂರಬೇಕು. ಅವರು ಮಿಸುಕಾಡಿದಾಗಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಐದು ದಾಟಿದರೆ, ತಲೆಯ ಮೇಲೆ ತಲೆ ಬಿದ್ದರೂ ಆ ಕುರ್ಚಿ ಅವರಿಗಿಲ್ಲ. ವಕೀಲರೊಬ್ಬರು ಹನ್ನೊಂದು ಗೀಟು ಹಾಕಿಸಿಕೊಂಡು, ಮುಕ್ಕಾಲು ಗಂಟೆ ವಾದಿಸಿ, ಸೋತು ಹೋಗಿದ್ದರಂತೆ.

ಗುಮಾಸ್ತನ ಹೆಂಡತಿ ಶಾಲೆಯ ಟೀಚರು. ದಿನಕ್ಕೆ ಆರು ಗಂಟೆ ನಿಂತೇ ಪಾಠ. ಸಂಜೆ ಸೊಂಟ ಹಿಡಿದುಕೊಂಡೇ ಮನೆಗೆ ಬರುತ್ತಿದ್ದಳು. ಮದುವೆಯಾಗಿ ನಾಲ್ಕು ತಿಂಗಳಾದರೂ ಅವಳ ಬೆನ್ನಿಗೆ ಆ ಮನೆಯಲ್ಲಿ ಸಿಕ್ಕಿದ್ದು ಗೋಡೆಯ ಆಸರೆ ಮಾತ್ರ. ಇವನ ಜೇಬಿನಲ್ಲೋ ಪತ್ರಿಕೆಯಿಂದ ಕತ್ತರಿಸಿದ ಕುರ್ಚಿಯ ಚಿತ್ರ: ಕೊಕ್ಕರೆಯಂಥ ಕಾಲು, ಗೇಣುದ್ದದ ಬೆನ್ನು. ಮ್ಯಾನೇಜರು ಮನೆಗೆ ಬಂದರೆ ಕುರ್ಚಿ ನೋಡಿ ಹುಬ್ಬೇರಿಸಬೇಕೆಂದು ಇವನ ಆಸೆ. ಮ್ಯಾನೇಜರು ಬರುತ್ತೇನೆಂದು ಹೇಳಿರಲೇ ಇಲ್ಲ, ಆ ಮಾತು ಬೇರೆ. ಕೋಣೆಯಲ್ಲಿ ಹಿಡಿಸುವುದು ಎರಡೇ ಕುರ್ಚಿ. ಆರಿಸುವಾಗ ತಪ್ಪಿದರೆ ಆ ಸೊಂಟಕ್ಕೆ ಮತ್ತೆ ಗೋಡೆಯೇ ಗತಿ.

"ಇಂಥದ್ದೇ ಒಂದಿದೆ," ಎಂದು ಅಕ್ಕ ಅವನು ತೋರಿಸಿದ ಚಿತ್ರ ನೋಡಿ ಮೂಲೆಯಿಂದ ಎಳೆದು ತಂದಳು. "ಎರಡು ವರ್ಷದಿಂದ ಎಲ್ಲರೂ ಹೊಗಳ್ತಾರೆ. ಒಬ್ಬರೂ ತಗೊಂಡು ಹೋಗಿಲ್ಲ."

ಅವನನ್ನು ಅದರಲ್ಲಿ, ಹೆಂಡತಿಯನ್ನು ಎತ್ತರದ ಬೆನ್ನಿನ ಸಾದಾ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ತಾನು ಹೆಣಿಗೆಗೆ ತಿರುಗಿದಳು.

ಗುಮಾಸ್ತ ಫೋಟೋಗೆ ಕೂತವನಂತೆ ಸೆಟೆದು ಕೂತ. ಐದೇ ನಿಮಿಷಕ್ಕೆ ಎಡತೊಡೆ ಜೋಮು ಹಿಡಿಯಿತು. ಕಾಲ ಮೇಲೆ ಕಾಲು ಹಾಕಿದ; ಗೀಟು. ಇಳಿಸಿದ, ಗೀಟು. ಕೆಮ್ಮುವ ನೆಪದಲ್ಲಿ ತುಸು ಜರುಗಿದ.

"ಕೆಮ್ಮು ಬಂದಿದ್ದು ಗಂಟಲಿಗೋ, ಸೊಂಟಕ್ಕೋ?" ಎನ್ನುತ್ತ ಅಕ್ಕ ಮತ್ತೊಂದು ಎಳೆದಳು.

ಒಂಬತ್ತನೆಯ ಗೀಟಿಗೆ ಅವನು ದಿಕ್ಕುಗಾಣದೆ ಹೆಂಡತಿಯತ್ತ ನೋಡಿದ. ಅವಳು ನಿದ್ದೆ ಹೋಗಿದ್ದಳು. ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಚೆಲ್ಲಿ, ಬಾಯಿ ತುಸು ತೆರೆದು, ನಾಲ್ಕು ತಿಂಗಳಲ್ಲಿ ಅವನೆಂದೂ ಕಾಣದಷ್ಟು ನಿರಾಳವಾಗಿ. ಸಣ್ಣಗೆ ಗೊರಕೆಯೂ ಇತ್ತು. ನೋಡುತ್ತ ನೋಡುತ್ತ ಅವನು ಚಿತ್ರವನ್ನು ಮಡಚಿಟ್ಟ.

"ಅಕ್ಕಾ, ಅವಳು ಕೂತಿರೋ ಥರದ್ದೇ ಎರಡು ಮಾಡ್ಕೊಡಿ," ಎಂದ ಪಿಸುದನಿಯಲ್ಲಿ.

"ಚಿತ್ರ ಯಾಕಪ್ಪಾ ಬಚ್ಚಿಡ್ತೀಯ, ಕೊಡು ಇಲ್ಲಿ. ನೋಡೋಕೆ ಚೆನ್ನಾಗಿರೋದೇನು ಪಾಪವಾ? ಕಾಲು ಇದರದ್ದು ಹಾಕ್ತೀನಿ, ಬೆನ್ನು ಅವಳಿಗೆ ಒಪ್ಪಿದ್ದು."

ಅಷ್ಟರಲ್ಲಿ ಹೆಂಡತಿ ಕಣ್ಣುಜ್ಜಿಕೊಂಡಳು. "ಎಷ್ಟು ಗೀಟಾಯ್ತು ರೀ?"

"ನಿಂದು ಸೊನ್ನೆ."

"ನಿಮ್ದು?"

ಗುಮಾಸ್ತ ಎದ್ದು ಗೋಡೆಗೆ ಅಡ್ಡ ನಿಂತ.

ಹದಿನೈದು ದಿನಕ್ಕೆ ಅಕ್ಕ ತಾನೇ ಬಂದು ಎರಡು ಕುರ್ಚಿಗಳನ್ನೂ ಕಿಟಕಿಯ ಪಕ್ಕ ಹಾಕಿಸಿದಳು. ಸಣ್ಣ ಕಾಲು, ಎತ್ತರದ ಬೆನ್ನು, ಜೇನುಬಣ್ಣದ ಬೆತ್ತ. ಆಗಷ್ಟೇ ಶಾಲೆಯಿಂದ ಬಂದ ಹೆಂಡತಿ ಹೆಗಲ ಚೀಲವನ್ನೂ ಇಳಿಸದೆ ಒಂದರಲ್ಲಿ ಒರಗಿ, "ಅಬ್ಬಾ! ಇನ್ನು ನನ್ನನ್ನ ಊಟಕ್ಕೆ ಮಾತ್ರ ಎಬ್ಬಿಸಿ," ಎಂದಳು.

ಗುಮಾಸ್ತ ಇನ್ನೊಂದರಲ್ಲಿ ಕೂತು ಗಲ್ಲಕ್ಕೆ ಕೈ ಕೊಟ್ಟ. ಸುಖವೂ ಆಯಿತು, ಆಸೆಯೂ ಹೆಡೆಯೆತ್ತಿತು.

"ಅಕ್ಕಾ, ಮುಚ್ಚುಮರೆ ಬೇಡ. ಇದರಲ್ಲಿ ನಾನು ಹೇಗೆ ಕಾಣ್ತೀನಿ?"

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಕುರ್ಚಿ ಬಹಳ ಚೆನ್ನಾಗಿ ಕಾಣುತ್ತಪ್ಪಾ, ನೀನು ಎದ್ರೆ."