ಹನ್ನೆರಡನೆಯ ಗರಿ

ನನ್ನ ಅಣ್ಣ ಎಲ್ವುಡ್ ಬಿಟ್ಸೀಲಿ ನಮ್ಮೂರು ಲುಕಾಚುಕಾಯ್‌ನ ಕೆಂಪು ಬಂಡೆಗಳ ಚಿತ್ರ ಬರೆಯುತ್ತಲೇ ನಲವತ್ತು ವರ್ಷ ಕಳೆದ. ಯಾವ ಬಂಡೆಗೆ ಯಾವ ಹೊತ್ತಿನಲ್ಲಿ ಯಾವ ಬಣ್ಣ ಎಂಬುದು ಅವನಿಗೆ ಬಾಯಿಪಾಠ. ಹೆಂಡತಿ ಲೊರೀನ್ ಹುಟ್ಟಿದ ದಿನ ಮಾತ್ರ ಒಂದು ವರ್ಷವೂ ನೆನಪಿರಲಿಲ್ಲ.

ಬಂಡೆಗಳ ಮುಂದೆ ಒಮ್ಮೊಮ್ಮೆ ದೇವತೆಯನ್ನೂ ನಿಲ್ಲಿಸುತ್ತಿದ್ದ. ಅದಕ್ಕೆ ನಮ್ಮಜ್ಜ ಹಾಕಿಕೊಟ್ಟ ಕಟ್ಟಳೆಯಿತ್ತು. ಅಜ್ಜ ರೋಗಿಗಳಿಗಾಗಿ ನೆಲದ ಮೇಲೆ ಬಣ್ಣದ ಮರಳಿನಲ್ಲಿ ದೇವತೆಯನ್ನು ಪೂರ್ತಿ ಬರೆದು, ಹಾಡು ಮುಗಿದೊಡನೆ ಅಳಿಸಿಬಿಡುತ್ತಿದ್ದ. ಹಲಗೆಯ ಮೇಲಿನ ಚಿತ್ರ ಅಳಿಯುವುದಿಲ್ಲ, ಹಾಗಾಗಿ ಅದು ಪೂರ್ತಿಯಾಗಬಾರದು. ಪೂರ್ತಿಯಾದರೆ ದೇವರನ್ನು ಗೋಡೆಗೆ ಕಟ್ಟಿಹಾಕಿದಂತೆ. ಅಜ್ಜನ ದೇವತೆಯ ತಲೆಗೆ ಹನ್ನೆರಡು ಗರಿ. ಅಣ್ಣ ಹನ್ನೊಂದಕ್ಕೇ ನಿಲ್ಲಿಸುತ್ತಿದ್ದ.

ಲೊರೀನ್ ಸತ್ತ ಮರುವರ್ಷ ಅವನ ಕಣ್ಣು ಮಂಜಾಗಿ, ಆಮೇಲೆ ಪೂರ್ತಿ ಹೋಯಿತು. ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಅಣ್ಣ ಅದನ್ನು ಕಿವಿಗೇ ಹಾಕಿಕೊಳ್ಳದೆ, ಕೈ ನಡುಗಿಸಿ ರೋಗದ ಮೂಲ ಹೇಳುವ ಈಡಿತ್ ಅಜ್ಜಿಯ ಮುಂದೆ ಹೋಗಿ ಕೂತ.

"ಎಲ್ಲೋ ಒಂದು ದೇವತೇನ ಕಟ್ಟಿಹಾಕಿದೀಯ ಮಗಾ. ಕಟ್ಟು ಬಿಚ್ಚು, ಬೆಳಕು ಬರುತ್ತೆ," ಅಂದಳು ಅಜ್ಜಿ.

ಅಣ್ಣ ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದ. "ಲೊರೀನ್ ಸಾಯೋ ವಾರ ಬರೆದ ಚಿತ್ರ ಅದು! ಆಗ ನನ್ನ ಕೈ ನನ್ನ ಮಾತು ಕೇಳ್ತಿರ್ಲಿಲ್ಲ. ಗರಿ ಎಣಿಸಿದ ನೆನಪೇ ಇಲ್ಲ ತಂಗಿ."

ಆ ಚಿತ್ರ ಗ್ಯಾಲಪ್ ಪಟ್ಟಣದಲ್ಲಿ ಒಬ್ಬ ನಿವೃತ್ತ ಟೀಚರ ಮನೆಯಲ್ಲಿತ್ತು. ಹೆಚ್ಚಿನ ಗರಿಯನ್ನು ಬಣ್ಣದಿಂದ ಮುಚ್ಚಲು ಅವಳು ಫೋನಿನಲ್ಲೇ ಒಪ್ಪಿದಳು. ಪಿಕಪ್ಪಿನಲ್ಲಿ ಅಣ್ಣ ದಾರಿಯುದ್ದಕ್ಕೂ ಕುಂಚಗಳನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.

"ಕಣ್ಣು ಬಂದ್ಮೇಲೆ ಮೊದ್ಲು ಏನ್ ನೋಡ್ತೀಯ?" ಕೇಳಿದೆ.

"ಬಂಡೆ. ನಿನ್ನ ಮುಖ ಆಮೇಲೆ. ಅದಕ್ಕೇನು ಅವಸರ?"

ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದು ಅಂದೇ.

ಟೀಚರ್ ಚಿತ್ರವನ್ನು ಇಳಿಸಿ, ಗಾಜು ಬಿಚ್ಚಿ, ಮೇಜಿನ ಮೇಲಿಟ್ಟು ಕಾಫಿಗೆ ಒಳಗೆ ಹೋದಳು. ನಾನು ಗರಿಗಳನ್ನು ಎಣಿಸಿದೆ. ಹನ್ನೊಂದು. ಬೆರಳಿಟ್ಟು ಮತ್ತೆ ಎಣಿಸಿದೆ. ಹನ್ನೊಂದೇ.

ಹೆಂಡತಿ ಪಕ್ಕದ ಕೋಣೆಯಲ್ಲಿ ಸಾಯುತ್ತಿದ್ದಾಗಲೂ ಅವನು ತಪ್ಪಿರಲಿಲ್ಲ. ಬೇರೆ ದಿನವಾಗಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಅವತ್ತು ನನ್ನ ಎದೆ ಒಡೆಯಿತು. ತಪ್ಪಿದ್ದರೆ ತಿದ್ದಬಹುದಿತ್ತು. ತಪ್ಪೇ ಇಲ್ಲವೆಂದರೆ ಡಾಕ್ಟರ ಮಾತೇ ಉಳಿಯಿತು.

"ಎಷ್ಟಿದೆ?" ಅಣ್ಣ ಕೇಳಿದ. ನಾನು ಮೂರನೇ ಸಲ ಎಣಿಸತೊಡಗಿದೆ. "ಏ, ಎಣಿಸೋಕೆ ಕೈಬೆರಳು ಸಾಲ್ದಿದ್ರೆ ಕಾಲಿಂದು ಸೇರಿಸ್ಕೊಳ್ಳೇ!"

"ಹನ್ನೆರಡಿದೆ ಅಣ್ಣ."

ದೇವತೆಯ ಮುಖದೆದುರೇ ಸುಳ್ಳು ಹೇಳಿದೆ. ಅಣ್ಣ ಮೇಜು ಹಿಡಿದು ಬಿಕ್ಕಿದ. "ನಂಗೊತ್ತಿತ್ತು! ನಂಗೊತ್ತಿತ್ತು ಕಣೇ!" ಅವನ ಮಣಿಕಟ್ಟು ಹಿಡಿದು ಕುಂಚವನ್ನು ಕೊನೆಯ ಗರಿಯ ಮೇಲಿಟ್ಟೆ. ಬಂಡೆಯ ಕೆಂಪಿನಲ್ಲಿ ಅದನ್ನು ಮೆಲ್ಲಗೆ ಮುಚ್ಚಿದ. ಈಗ ಅಲ್ಲಿರುವುದು ಹತ್ತು ಗರಿ. ಅದು ನನಗೊಬ್ಬಳಿಗೇ ಗೊತ್ತು.

ಅಂದಿನಿಂದ ಅಣ್ಣ ದಿನಾ ನಸುಕಿಗೆ ಮುಂಚೆಯೇ ಎದ್ದು, ಮೂಡಣ ಬಾಗಿಲಿನ ಹೊರಗೆ ಮೆಕ್ಕೆಜೋಳದ ಪರಾಗ ಚೆಲ್ಲಿ ಪ್ರಾರ್ಥಿಸುತ್ತಾನೆ. ಆಮೇಲೆ ನನ್ನನ್ನು ಕೂಗುತ್ತಾನೆ.

"ತಂಗೀ, ಇವತ್ತು ಸ್ವಲ್ಪ ಬೆಳ್ಳಗೆ ಕಾಣ್ತಿದೆ ಅನ್ಸುತ್ತೆ. ಸೂರ್ಯ ಬಂದ ಅಲ್ವಾ?"

"ಹೂಂ ಅಣ್ಣ, ಬಂದ," ಅನ್ನುತ್ತೇನೆ. ಹೊರಗೆ ಇನ್ನೂ ಕತ್ತಲೆಯೇ ಇರುತ್ತದೆ.